ಬೆರ್ಬೆರೆ ಎರಡು ಚಮಚ: ಆಫ್ರಿಕಾದ ಅಡುಗೆ ಪುಸ್ತಕ ಓದುವ ಬಗೆ

ಇಥಿಯೋಪಿಯಾದ ಅಡುಗೆ ಪುಸ್ತಕ ತೆರೆದು ‘ಮಿಸಿರ್ ವತ್’ ಪುಟಕ್ಕೆ ಬನ್ನಿ. ಸಾಮಗ್ರಿ ಪಟ್ಟಿಯಲ್ಲಿ ಹೆದರುವಂಥದ್ದೇನಿಲ್ಲ. ಚನ್ನಂಗಿ ಬೇಳೆ, ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಎಣ್ಣೆ. ನಮ್ಮ ತೊವ್ವೆಗೂ ಹೆಚ್ಚುಕಮ್ಮಿ ಇಷ್ಟೇ ಬೇಕು. ಆರನೆಯ ಸಾಲಿನಲ್ಲಿ ‘ಬೆರ್ಬೆರೆ, 2 ದೊಡ್ಡ ಚಮಚ’ ಎಂದಿರುತ್ತದೆ, ಅಂದರೆ ಅಲ್ಲಿನ ಮೆಣಸಿನಕಾಯಿಯ ಮಸಾಲೆ ಪುಡಿ. ಎಷ್ಟೋ ಮನೆಗಳಲ್ಲಿ ಪುಸ್ತಕ ಮುಚ್ಚಿ ಕಪಾಟು ಸೇರುವುದು ಈ ಸಾಲಿನಲ್ಲೇ.

ಆಫ್ರಿಕಾದ ಅಡುಗೆ ಪುಸ್ತಕಗಳು ಈಗ ಬೆಂಗಳೂರಿನ ಇಂಗ್ಲಿಷ್ ಪುಸ್ತಕದಂಗಡಿಗಳಲ್ಲೂ ಸಿಗುತ್ತವೆ, ಆನ್‌ಲೈನಿನಲ್ಲಂತೂ ಸರಿಯೇ. ವಿದೇಶದಲ್ಲಿರುವ ಮಕ್ಕಳು ಉಡುಗೊರೆಯಾಗಿ ತರುವುದೂ ಉಂಟು. ಚಿತ್ರಗಳು ಬಾಯಲ್ಲಿ ನೀರೂರಿಸುತ್ತವೆ, ಆದರೆ ಬರಹ ಬಹುಪಾಲು ಲಂಡನ್ ಅಥವಾ ನ್ಯೂಯಾರ್ಕಿನ ಅಡುಗೆಮನೆಯನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಗಾಂಧಿಬಜಾರಿನ ಗ್ರಂಧಿಗೆ ಅಂಗಡಿಯಲ್ಲಿ ಏನು ಸಿಗುತ್ತದೆ ಎಂಬುದು ಬರೆದವರಿಗೆ ಗೊತ್ತಿಲ್ಲ. ಗೊತ್ತಿದ್ದಿದ್ದರೆ ಪುಸ್ತಕದ ಅರ್ಧ ಕಷ್ಟ ಅಲ್ಲೇ ಮುಗಿಯುತ್ತಿತ್ತು.

ನಾಲ್ಕು ದಿಕ್ಕು, ನಾಲ್ಕು ಡಬ್ಬಿ

‘ಆಫ್ರಿಕಾದ ಮಸಾಲೆ’ ಎಂಬ ಒಂದೇ ಪದಾರ್ಥ ಇಲ್ಲ. ಧಾರವಾಡದ ಮಸಾಲೆ ಖಾರವನ್ನೂ ಬಂಗಾಳದ ಪಾಂಚ್ ಫೋರನ್ನನ್ನೂ ‘ಏಷ್ಯಾದ ಮಸಾಲೆ’ ಎಂದು ಒಂದೇ ಡಬ್ಬಿಗೆ ಸುರಿದರೆ ಹೇಗಿರುತ್ತದೆಯೋ ಇದೂ ಹಾಗೆ. ಪುಸ್ತಕ ಕೈಗೆ ಬಂದೊಡನೆ ಅದು ಖಂಡದ ಯಾವ ಭಾಗದ್ದು ಎಂದು ನೋಡಿಕೊಳ್ಳಬೇಕು.

ಉತ್ತರದ ಮೊರಾಕ್ಕೋ, ಟುನೀಶಿಯಾಗಳಲ್ಲಿ ಜೀರಿಗೆ, ಕೊತ್ತಂಬರಿ ಬೀಜ, ಚಕ್ಕೆ, ಶುಂಠಿಗಳ ರಾಜ್ಯ. ಮೊರಾಕ್ಕೋದ ‘ರಾಸ್ ಎಲ್ ಹನೂತ್’ ಎಂದರೆ ‘ಅಂಗಡಿಯ ತಲೆ’, ಅಂದರೆ ಅಂಗಡಿಯವ ತನ್ನ ಅತ್ಯುತ್ತಮ ಸರಕನ್ನೆಲ್ಲ ಸೇರಿಸಿ ಮಾಡಿದ ಪುಡಿ. ಟುನೀಶಿಯಾದ ‘ಹರಿಸ್ಸಾ’ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು, ಎಣ್ಣೆಯ ಚಟ್ನಿ. 2022ರಲ್ಲಿ ಯುನೆಸ್ಕೋದ ಪರಂಪರೆಯ ಪಟ್ಟಿಗೂ ಸೇರಿತು. ಇವೆರಡನ್ನು ನಮ್ಮಲ್ಲಿ ಮಾಡುವುದು ಕಷ್ಟವಲ್ಲ.

ಪೂರ್ವ ಕರಾವಳಿ ನಮಗೆ ಇನ್ನೂ ಹತ್ತಿರ. ಹಿಂದೂ ಮಹಾಸಾಗರದ ವ್ಯಾಪಾರ ಶತಮಾನಗಳ ಕಾಲ ಎರಡೂ ದಡಗಳ ಅಡುಗೆಮನೆಗಳನ್ನು ಕೂಡಿಸಿದೆ. ಸ್ವಾಹಿಲಿಯಲ್ಲಿ ಚಪಾತಿಗೆ ಚಪಾತಿ ಎಂದೇ ಹೇಳುತ್ತಾರೆ, ಪಲಾವು ‘ಪಿಲಾವು’ ಆಗಿದೆ. ‘ಇಲಿಕಿ’ ಎಂದರೆ ಏಲಕ್ಕಿ, ‘ಕರಾಫೂ’ ಎಂದರೆ ಲವಂಗ, ‘ಮ್ದಲಸೀನಿ’ ಎಂದರೆ ಚಕ್ಕೆ. ಜಾಂಜಿಬಾರಿನ ಪಿಲಾವು ಪುಟ ನೋಡಿದವರಿಗೆ ಅಂಗಡಿಗೆ ಹೋಗುವ ಕೆಲಸವೇ ಬೀಳದು. ಸೊಮಾಲಿಯಾದ ‘ಹವಾಶ್’ ಪುಡಿಯೂ ಅಷ್ಟೆ: ಜೀರಿಗೆ, ಕೊತ್ತಂಬರಿ, ಮೆಣಸು, ಏಲಕ್ಕಿ, ಲವಂಗ, ಚಕ್ಕೆ, ಅರಿಸಿನ.

ತಡವರಿಸುವುದು ಉಳಿದೆರಡು ಕಡೆ. ಒಂದು ಇಥಿಯೋಪಿಯಾ ಮತ್ತು ಎರಿಟ್ರಿಯಾ. ಇನ್ನೊಂದು ನೈಜೀರಿಯಾ, ಘಾನಾ, ಸೆನೆಗಲ್‌ಗಳಿರುವ ಪಶ್ಚಿಮ ಆಫ್ರಿಕಾ. ಅಲ್ಲಿ ನಮಗೆ ಹೆಸರೂ ಕೇಳಿ ಗೊತ್ತಿಲ್ಲದ ಕಾಳು, ಕೋಡುಗಳಿವೆ.

ಒಂದು ಕಾಳಿಗೆ ನಾಲ್ಕು ಹೆಸರು, ನಾಲ್ಕು ಕಾಳಿಗೆ ಒಂದು ಹೆಸರು

ನೈಜೀರಿಯಾದ ಪುಸ್ತಕದಲ್ಲಿ ‘ಉದಾ’, ಘಾನಾದ ಪುಸ್ತಕದಲ್ಲಿ ‘ಹ್ವೆಂತಿಯಾ’, ಸೆನೆಗಲ್‌ನದರಲ್ಲಿ ‘ಜಾರ್’, ಇಂಗ್ಲಿಷಿನವರ ಬಾಯಲ್ಲಿ ‘ಗ್ರೇನ್ಸ್ ಆಫ್ ಸೆಲಿಮ್’. ನಾಲ್ಕೂ ಒಂದೇ ಮರದ ಒಣ ಕೋಡು, ಝೈಲೋಪಿಯಾ ಈಥಿಯೋಪಿಕಾ. ಹೆಸರಿನಲ್ಲಿ ಇಥಿಯೋಪಿಯಾ ಇದ್ದರೂ ಇದರ ನಿಜವಾದ ಅಡುಗೆಮನೆ ಪಶ್ಚಿಮ ಆಫ್ರಿಕಾ. ಸೆನೆಗಲ್‌ನ ‘ಕಾಫಿ ತೂಬಾ’ಕ್ಕೆ ಆ ಹೊಗೆಯಂಥ ಘಾಟು ಬರುವುದು ಇದರಿಂದಲೇ.

ಇದರ ತಿರುಗುಮುರುಗು ಇನ್ನೂ ಅಪಾಯ. ‘ಗಿನಿ ಪೆಪ್ಪರ್’ ಎಂಬ ಒಂದೇ ಇಂಗ್ಲಿಷ್ ಹೆಸರನ್ನು ಈ ಉದಾಗೂ ಬಳಸುತ್ತಾರೆ, ಏಲಕ್ಕಿಯ ಕುಟುಂಬಕ್ಕೆ ಸೇರಿದ ‘ಗ್ರೇನ್ಸ್ ಆಫ್ ಪ್ಯಾರಡೈಸ್’ ಕಾಳಿಗೂ ಬಳಸುತ್ತಾರೆ. ಎರಡರ ರುಚಿಗೂ ಸಂಬಂಧವೇ ಇಲ್ಲ. ‘ಬ್ಲ್ಯಾಕ್ ಕ್ಯುಮಿನ್’ ಎಂದು ಬರೆದಲ್ಲಿ ಕಲೌಂಜಿಯೂ ಇರಬಹುದು, ಶಾಹಿ ಜೀರಿಗೆಯೂ ಇರಬಹುದು. ಕನ್ನಡದ ‘ಕರಿ ಜೀರಿಗೆ’ಯೂ ಇದೇ ಗೊಂದಲದ ಮಾತು, ಅಂಗಡಿಗೊಂದು ಕಾಳು ಕೊಡುತ್ತಾರೆ. ಇಥಿಯೋಪಿಯಾದ ಅಡುಗೆಯಲ್ಲಿ ‘ತಿಕುರ್ ಅಝ್ಮುದ್’ ಎಂದರೆ ಕಲೌಂಜಿ, ‘ನೆಚ್ ಅಝ್ಮುದ್’ ಎಂದರೆ ಓಮ. ಎರಡನೆಯದನ್ನು ‘ಇಥಿಯೋಪಿಯಾದ ಜೀರಿಗೆ’ ಎಂದು ಅನುವಾದಿಸಿದ ಪುಸ್ತಕ ನಂಬಿ ಜೀರಿಗೆ ಹಾಕಿದರೆ ಮಸಾಲೆ ಪುಡಿಯ ವಾಸನೆಯೇ ಬೇರೆಯಾಗುತ್ತದೆ.

ಹಾಗಾಗಿ ಪುಸ್ತಕದ ಕೊನೆಯಲ್ಲಿ ಪದಾರ್ಥಗಳ ಪಟ್ಟಿ ಇದೆಯೇ, ಅದರಲ್ಲಿ ಸಸ್ಯಶಾಸ್ತ್ರೀಯ ಹೆಸರು ಕೊಟ್ಟಿದ್ದಾರೆಯೇ ಎಂದು ಮೊದಲು ನೋಡಿ. ಆ ಎರಡು ಪದದ ಓರೆ ಅಕ್ಷರದ ಹೆಸರು ಮಾತ್ರ ಊರೂರಿಗೆ ಬದಲಾಗುವುದಿಲ್ಲ.

ಹೆಸರು ಗಟ್ಟಿಯಾದ ಮೇಲೆ ಗ್ರಂಧಿಗೆ ಅಂಗಡಿಗೆ ಹೋಗಬಹುದು. ನೈಜೀರಿಯಾದ ‘ಉಝೀಝಾ’ ಕಾಳು ಪೈಪರ್ ಕುಲದ್ದು, ನಮ್ಮ ಬಾಲಮೆಣಸಿನ ದಾಯಾದಿ. ಪ್ರಮಾಣವನ್ನೂ ಬದಲಿಸದೆ ಬಾಲಮೆಣಸನ್ನೇ ಹಾಕಬಹುದು. ಇಥಿಯೋಪಿಯಾದ ‘ತಿಮಿಜ್’ ಕೂಡ ಪೈಪರ್ ಕುಲದ್ದೇ, ಅದರ ಜಾಗಕ್ಕೆ ಹಿಪ್ಪಲಿ. ‘ತೇನಾ ಆದಾಮ್’ ಎಂದರೆ ನಾಗದಾಳಿ ಸೊಪ್ಪು. ‘ಬೆಸೊಬೆಲಾ’ ತುಳಸಿಯ ಬಳಗದ್ದು, ಒಣಗಿಸಿದ ತುಳಸಿ ಎಲೆ ಅರ್ಧ ಪ್ರಮಾಣದಲ್ಲಿ ಸಾಕು. ‘ಎಹುರು’ ಎಂಬ ಬೀಜಕ್ಕೆ ಜಾಯಿಕಾಯಿ ಹತ್ತಿರ ಬರುತ್ತದೆ, ಆದರೆ ಜಾಯಿಕಾಯಿಯ ಘಾಟು ಜೋರು, ಅರ್ಧಕ್ಕಿಂತ ಹೆಚ್ಚು ಬೇಡ. ಗ್ರೇನ್ಸ್ ಆಫ್ ಪ್ಯಾರಡೈಸ್ ಒಂದು ಚಮಚ ಬೇಕಿದ್ದರೆ ಮುಕ್ಕಾಲು ಚಮಚ ಕಾಳುಮೆಣಸು, ಕಾಲು ಚಮಚ ಏಲಕ್ಕಿ ಕಾಳು, ಒಂದು ಚಿಟಿಕೆ ಒಣಶುಂಠಿ.

ಉದಾಗೆ ಮಾತ್ರ ಬದಲಿ ಇಲ್ಲ. ಸಿಕ್ಕಾಗ ತರಿಸಿಕೊಳ್ಳಬೇಕು, ಸಿಗದಿದ್ದರೆ ಬಿಡಬೇಕು. ಸಿಕ್ಕಿದರೆ ಒಂದು ಎಚ್ಚರಿಕೆ: ಪರಿಮಳ ಇರುವುದು ಸಿಪ್ಪೆಯಲ್ಲಿ, ಒಳಗಿನ ಬೀಜ ಕಹಿ. ಏಲಕ್ಕಿಯ ರೂಢಿಯಲ್ಲಿ ಸಿಪ್ಪೆ ಎಸೆದು ಕಾಳು ಇಟ್ಟುಕೊಂಡರೆ ಕೈಯಲ್ಲಿ ಉಳಿಯುವುದು ಕಹಿಯೊಂದೇ. ಇಡೀ ಕೋಡನ್ನು ಜಜ್ಜಿ ಸಾರಿಗೆ ಹಾಕಿ, ಬಡಿಸುವ ಮುನ್ನ ತೆಗೆಯುವುದು ಕ್ರಮ.

ಸೆನೆಗಲ್‌ನ ಪುಸ್ತಕದಲ್ಲಿ ಕಾಣುವ ‘ಲಾಲೋ’ ಎಂದರೆ ಬಾವೊಬಾಬ್ ಮರದ ಎಲೆಯ ಪುಡಿ. ಆ ಮರ ನೋಡಬೇಕೆನಿಸಿದರೆ ದೂರ ಹೋಗಬೇಕಿಲ್ಲ, ಹಾವೇರಿ ಜಿಲ್ಲೆಯ ಸವಣೂರಿನ ದೊಡ್ಡಹುಣಸೆ ಮಠದಲ್ಲೇ ಇದೆ. ಊರವರು ಅದನ್ನು ದೊಡ್ಡ ಹುಣಸೆ ಎಂದರು. ತಮಾಷೆಯೆಂದರೆ ನಮ್ಮ ನಿತ್ಯದ ಹುಣಸೆಯ ಮೂಲವೂ ಆಫ್ರಿಕಾವೇ. ರಾಗಿ, ಜೋಳ, ಸಜ್ಜೆ, ಅಲಸಂದೆ ಎಲ್ಲವೂ ಅಲ್ಲಿಂದಲೇ ಬಂದವು.

ಬೆರ್ಬೆರೆ: ಅವರ ಸಾರಿನ ಪುಡಿ

ಬೆರ್ಬೆರೆ ಒಂದು ಕಾಳಲ್ಲ, ಪುಡಿ. ನಮ್ಮಲ್ಲಿ ಬೇಸಿಗೆಯಲ್ಲಿ ವರ್ಷಕ್ಕಾಗುವಷ್ಟು ಸಾರಿನ ಪುಡಿ ಮಾಡಿಡುವ ಹಾಗೆ ಇಥಿಯೋಪಿಯಾದ ಮನೆಗಳಲ್ಲಿ ಇದನ್ನು ಕಿಲೋಗಟ್ಟಲೆ ಮಾಡುತ್ತಾರೆ. ಕೆಂಪು ಮೆಣಸಿನಕಾಯಿ ಒಣಗಿಸಿ, ತೊಟ್ಟು ಬಿಡಿಸಿ, ತರಿಯಾಗಿ ಕುಟ್ಟಿ, ಹಸಿ ಶುಂಠಿ, ಬೆಳ್ಳುಳ್ಳಿ, ಸಣ್ಣ ಈರುಳ್ಳಿ, ಬೆಸೊಬೆಲಾ, ತೇನಾ ಆದಾಮ್ ಜೊತೆ ಒದ್ದೆಯಾಗಿ ಅರೆಯುತ್ತಾರೆ. ಕೆಲವು ದಿನ ಮುಚ್ಚಿಟ್ಟು, ಮತ್ತೆ ಬಿಸಿಲಿಗೆ ಹರಡಿ, ಉಳಿದ ಮಸಾಲೆ ಹುರಿದು ಸೇರಿಸಿ ಗಿರಣಿಗೆ ಕೊಡುತ್ತಾರೆ. ಮನೆಗೊಂದು ಹದ. ಹಾಗಾಗಿ ಪುಸ್ತಕದಲ್ಲಿರುವುದು ‘ಬೆರ್ಬೆರೆ’ಯ ಏಕೈಕ ವಿಧಾನವಲ್ಲ, ಬರೆದವರ ಮನೆಯದು.

ನಮ್ಮ ಮಳೆಗಾಲದಲ್ಲಿ ಒದ್ದೆ ವಿಧಾನಕ್ಕೆ ಕೈ ಹಾಕಬೇಡಿ. ಬೆಳ್ಳುಳ್ಳಿ, ಈರುಳ್ಳಿಯ ನೀರಂಶ ಪೂರ್ತಿ ಆರದೆ ಹೋದರೆ ವಾರದಲ್ಲಿ ಬೂಷ್ಟು ಹಿಡಿಯುತ್ತದೆ. ಒಣ ವಿಧಾನ ಹೀಗೆ:

ಬ್ಯಾಡಗಿ ಮೆಣಸಿನಕಾಯಿ 60 ಗ್ರಾಂ, ಗುಂಟೂರು 15 ಗ್ರಾಂ, ಎರಡನ್ನೂ ತೊಟ್ಟು ತೆಗೆದು, ಅರ್ಧ ಬೀಜ ಉದುರಿಸಿ. ಕೊತ್ತಂಬರಿ ಬೀಜ 1 ದೊಡ್ಡ ಚಮಚ. ಮೆಂತ್ಯ 1 ಸಣ್ಣ ಚಮಚ, ಕಾಳುಮೆಣಸು 1 ಸಣ್ಣ ಚಮಚ. ಓಮ, ಕಲೌಂಜಿ ತಲಾ ಅರ್ಧ ಸಣ್ಣ ಚಮಚ. ಹಿಪ್ಪಲಿ 2, ಲವಂಗ 5, ಚಕ್ಕೆ ಒಂದು ಇಂಚು. ಒಣಶುಂಠಿ ಪುಡಿ ಒಂದೂವರೆ ಸಣ್ಣ ಚಮಚ, ಬೆಳ್ಳುಳ್ಳಿ ಪುಡಿ 1 ಸಣ್ಣ ಚಮಚ, ಉಪ್ಪು 2 ಸಣ್ಣ ಚಮಚ. ಇಥಿಯೋಪಿಯಾದ ಏಲಕ್ಕಿಯಾದ ‘ಕೊರೆರಿಮಾ’ದ ಬದಲು 6 ಹಸಿರು ಏಲಕ್ಕಿ ಮತ್ತು 1 ಕಪ್ಪು ಏಲಕ್ಕಿಯ ಕಾಳು. ಕಪ್ಪು ಏಲಕ್ಕಿಯನ್ನು ಹೊಗೆಯಲ್ಲಿ ಒಣಗಿಸುತ್ತಾರೆ, ಒಂದಕ್ಕಿಂತ ಹೆಚ್ಚಾದರೆ ಆ ಹೊಗೆಯೇ ಉಳಿದೆಲ್ಲವನ್ನೂ ನುಂಗುತ್ತದೆ.

ಬ್ಯಾಡಗಿಯೇ ಯಾಕೆ? ಬೆರ್ಬೆರೆಯಲ್ಲಿ ಮೆಣಸಿನಕಾಯಿಯೇ ಮುಕ್ಕಾಲು ಪಾಲು, ಅಡುಗೆಗೆ ಹಾಕುವುದೂ ದೊಡ್ಡ ಚಮಚದ ಲೆಕ್ಕದಲ್ಲಿ. ಅಂಥಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ ಇರುವ ಕಾಯಿ ಬೇಕು. ಬರೀ ಗುಂಟೂರಿನಲ್ಲಿ ಮಾಡಿ ಎರಡು ದೊಡ್ಡ ಚಮಚ ಹಾಕಿದರೆ ತಟ್ಟೆಯ ಮುಂದೆ ಕೂರುವವರು ಯಾರೂ ಇರುವುದಿಲ್ಲ.

ದಪ್ಪ ತಳದ ಬಾಣಲೆ, ಸಣ್ಣ ಉರಿ. ಮೆಂತ್ಯವನ್ನು ಒಂಟಿಯಾಗಿ ಮೊದಲು ಹುರಿಯಿರಿ. ಬಣ್ಣ ಒಂದು ಪಟ್ಟು ಗಾಢವಾದೊಡನೆ ತೆಗೆಯಿರಿ, ಕೆಂಪಗೆ ಕಂದಿದರೆ ಇಡೀ ಡಬ್ಬಿ ಕಹಿ, ಆಮೇಲೆ ಸರಿಪಡಿಸುವ ದಾರಿಯಿಲ್ಲ. ನಂತರ ಕೊತ್ತಂಬರಿ, ಮೆಣಸು, ಹಿಪ್ಪಲಿ, ಲವಂಗ, ಚಕ್ಕೆ ಎರಡು ನಿಮಿಷ. ಒಲೆ ಆರಿಸಿ, ಆ ಬಿಸಿಗೇ ಓಮ, ಕಲೌಂಜಿ, ಏಲಕ್ಕಿ ಕಾಳು ಹಾಕಿ ಒಮ್ಮೆ ತಿರುವಿ ತೆಗೆಯಿರಿ. ಮೆಣಸಿನಕಾಯಿಯನ್ನು ಕೊನೆಗೆ ಬಿಸಿ ಮಾಡಿ ಗರಿಗರಿ ಮಾಡಿಕೊಳ್ಳಿ, ಬಣ್ಣ ಕದಲಬಾರದು. ಎಲ್ಲವೂ ಪೂರ್ತಿ ತಣ್ಣಗಾಗಲು ಅರ್ಧ ಗಂಟೆ ಕೊಡಿ. ಬಿಸಿಯಿರುವಾಗಲೇ ಮಿಕ್ಸಿಗೆ ಹಾಕಿದರೆ ಆವಿ ಜಾರಿನೊಳಗೇ ಹನಿಗಟ್ಟಿ ಪುಡಿ ಮುದ್ದೆಯಾಗುತ್ತದೆ. ಮಿಕ್ಸಿಯನ್ನು ನಿಲ್ಲಿಸಿ ನಿಲ್ಲಿಸಿ ತಿರುಗಿಸಿ, ಜರಡಿ ಹಿಡಿದು, ಪುಡಿಗಳನ್ನೂ ಉಪ್ಪನ್ನೂ ಬೆರೆಸಿ. ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಬೆಳಕು ಬೀಳದ ಕಡೆ ಆರು ತಿಂಗಳು ಚೆನ್ನಾಗಿರುತ್ತದೆ. ಫ್ರಿಜ್ಜಿನಲ್ಲಿಟ್ಟರೆ ಬಣ್ಣವೂ ಉಳಿಯುತ್ತದೆ.

ಮಿಸಿರ್ ವತ್, ಮತ್ತು ಈರುಳ್ಳಿಯ ಗುಟ್ಟು

‘ವತ್’ ಎಂದರೆ ಗೊಜ್ಜಿನ ಹದದ ಗಟ್ಟಿ ಪದಾರ್ಥ. ಕೋಳಿಯದು ದೋರೋ ವತ್, ಚನ್ನಂಗಿ ಬೇಳೆಯದು ಮಿಸಿರ್ ವತ್. ಎರಡರ ಅಡಿಪಾಯವೂ ಈರುಳ್ಳಿ. ಅದನ್ನು ಎಣ್ಣೆಯಿಲ್ಲದೆ, ಒಣ ಪಾತ್ರೆಯಲ್ಲಿ, ಅದರದೇ ನೀರಿನಲ್ಲಿ ಬೇಯಿಸಬೇಕು. ಕೆಲವು ಪುಸ್ತಕಗಳು ಓದುಗರ ತಾಳ್ಮೆಗೆ ಹೆದರಿ ‘ಹತ್ತು ನಿಮಿಷ’ ಎಂದು ಬರೆದುಬಿಡುತ್ತವೆ. ಹತ್ತು ನಿಮಿಷಕ್ಕೆ ಈರುಳ್ಳಿ ಮೆತ್ತಗಾಗುತ್ತದೆ, ಕರಗುವುದಿಲ್ಲ. ಕರಗದಿದ್ದರೆ ವತ್ ಗಟ್ಟಿಯಾಗದು, ಬೇಳೆ ಬೇರೆ ನೀರು ಬೇರೆಯಾಗಿ ನಿಲ್ಲುತ್ತದೆ. ಗಟ್ಟಿ ಮಾಡಲು ತೆಂಗು, ಗೋಡಂಬಿ, ಹಿಟ್ಟು ಏನೂ ಹಾಕದ ಅಡುಗೆಯಿದು, ಮೈ ಬರುವುದೆಲ್ಲ ಈರುಳ್ಳಿಯಿಂದ.

ನಾಲ್ಕು ಜನಕ್ಕೆ 300 ಗ್ರಾಂ ಈರುಳ್ಳಿಯನ್ನು ಆದಷ್ಟು ಸಣ್ಣಗೆ ಹೆಚ್ಚಿ. ಮಿಕ್ಸಿಯಲ್ಲಿ ರುಬ್ಬಿದರೆ ಹಸಿ ಘಾಟು ಹೋಗಲು ಇನ್ನೂ ಹೊತ್ತು ಬೇಕಾಗುತ್ತದೆ. ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ 20ರಿಂದ 25 ನಿಮಿಷ ಬೇಯಿಸಿ. ತಳ ಹಿಡಿದರೆ ಒಂದು ಚಮಚ ನೀರು ಚಿಮುಕಿಸಿ. ತಿಳಿ ಕಂದು ಮುದ್ದೆಯಾದಾಗ ಎಣ್ಣೆ 5 ದೊಡ್ಡ ಚಮಚ, ಜಜ್ಜಿದ ಬೆಳ್ಳುಳ್ಳಿ 5 ಎಸಳು, ಒಂದು ಇಂಚು ಶುಂಠಿ. ಎರಡು ನಿಮಿಷ ಬಿಟ್ಟು ಬೆರ್ಬೆರೆ 2 ದೊಡ್ಡ ಚಮಚ, ಅದರ ಬೆನ್ನಿಗೇ ಸ್ವಲ್ಪ ನೀರು. ನೀರು ತಡವಾದರೆ ಪುಡಿ ಎಣ್ಣೆಯಲ್ಲಿ ಸೀದು ಕಪ್ಪಾಗುತ್ತದೆ. ಎಣ್ಣೆ ಅಂಚಿನಲ್ಲಿ ಬಿಡುವವರೆಗೆ, ಸುಮಾರು ಎಂಟು ನಿಮಿಷ ಕೈಯಾಡಿಸಿ. ಆಮೇಲೆ ತೊಳೆದ ಬೇಳೆ 250 ಗ್ರಾಂ, ಬಿಸಿ ನೀರು 900 ಮಿಲಿ. 25 ನಿಮಿಷಕ್ಕೆ ಬೆಂದು ಒಂದಾಗುತ್ತದೆ. ಬೆರ್ಬೆರೆಯಲ್ಲಿ ಉಪ್ಪಿದೆ, ಹಾಗಾಗಿ ಅರ್ಧ ಸಣ್ಣ ಚಮಚ ಹಾಕಿ, ಉಳಿದದ್ದನ್ನು ಕೊನೆಯಲ್ಲಿ ರುಚಿ ನೋಡಿ ಸೇರಿಸಿ. ಬೇಳೆಯನ್ನು ಕುಕ್ಕರಿನಲ್ಲಿ ಬೇರೆ ಬೇಯಿಸುವ ನಮ್ಮ ಅಭ್ಯಾಸ ಇಲ್ಲಿ ಕೆಲಸಕ್ಕೆ ಬಾರದು, ಮಸಾಲೆ ಒಳಗೆ ಇಳಿಯುವುದಿಲ್ಲ.

ಇದನ್ನು ತಿನ್ನುವುದು ತೆಫ್ ಎಂಬ ಸಣ್ಣ ಧಾನ್ಯದ ಹಿಟ್ಟು ಹುಳಿ ಬರಿಸಿ ಒಂದೇ ಬದಿ ಬೇಯಿಸುವ ‘ಇಂಜೆರಾ’ದ ಮೇಲೆ. ಸಿಗದಿದ್ದರೆ ಹುಳಿ ಬಂದ ರಾಗಿ ದೋಸೆ ಚೆನ್ನಾಗಿ ಹೊಂದುತ್ತದೆ.

ಸಸ್ಯಾಹಾರಿಗಳಿಗೆ ಒಂದು ಸುಳಿವು. ಇಥಿಯೋಪಿಯಾದ ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ ಮತ್ತು ಈಸ್ಟರಿಗೆ ಮುಂಚಿನ 55 ದಿನ ಮಾಂಸ, ಮೊಟ್ಟೆ, ಹಾಲು, ತುಪ್ಪ ಮುಟ್ಟುವುದಿಲ್ಲ. ಆದ್ದರಿಂದ ಅವರ ಪುಸ್ತಕದಲ್ಲಿ ‘ಸಸ್ಯಾಹಾರ’ ಎಂಬ ಅಧ್ಯಾಯ ಕಾಣದಿದ್ದರೆ ‘ತ್ಸೊಮ್’, ಅಂದರೆ ಉಪವಾಸ, ಎಂಬ ಶೀರ್ಷಿಕೆ ಹುಡುಕಿ. ಬೇಳೆ, ಕಡಲೆ ಹಿಟ್ಟು, ಎಲೆಕೋಸಿನ ಪದಾರ್ಥಗಳೆಲ್ಲ ಅಲ್ಲಿರುತ್ತವೆ.

ಕಪ್ಪು, ಚಮಚ, ಅಲ್ಪವಿರಾಮ

ಅಮೆರಿಕದ ಪುಸ್ತಕದ ಕಪ್ ಸುಮಾರು 240 ಮಿಲಿ, ದಕ್ಷಿಣ ಆಫ್ರಿಕಾದ್ದು 250 ಮಿಲಿ. ಬೇಳೆಗೆ ಈ ವ್ಯತ್ಯಾಸ ಲೆಕ್ಕಕ್ಕಿಲ್ಲ. ಸಣ್ಣ ಚಮಚ 5 ಮಿಲಿ, ದೊಡ್ಡದು 15 ಮಿಲಿ. ಆಸ್ಟ್ರೇಲಿಯಾದಲ್ಲಿ ಅಚ್ಚಾದ ಪುಸ್ತಕವಾದರೆ ದೊಡ್ಡ ಚಮಚ 20 ಮಿಲಿ, ಬೆರ್ಬೆರೆಯ ವಿಷಯದಲ್ಲಿ ಇದು ನಾಲಗೆಗೆ ತಟ್ಟುವಷ್ಟು ಹೆಚ್ಚು. ಮನೆಯ ಊಟದ ಚಮಚ ಇವ್ಯಾವುದೂ ಅಲ್ಲ, ನೂರಿನ್ನೂರು ರೂಪಾಯಿಯ ಅಳತೆ ಚಮಚದ ಗೊಂಚಲು ತಂದಿಟ್ಟುಕೊಳ್ಳುವುದು ಲೇಸು.

ಇಂಗ್ಲಿಷ್ ಪುಸ್ತಕದಲ್ಲಿ ಕಣ್ಣಿಗೆ ಬೀಳದ ಇನ್ನೊಂದು ಅಳತೆ ಅಲ್ಪವಿರಾಮ. ‘ಒನ್ ಟೀಸ್ಪೂನ್ ಗ್ರೌಂಡ್ ಕಾರ್ಡಮಮ್’ ಎಂದರೆ ಪುಡಿಯನ್ನೇ ಒಂದು ಚಮಚ ಅಳೆಯಬೇಕು. ‘ಒನ್ ಟೀಸ್ಪೂನ್ ಕಾರ್ಡಮಮ್ ಸೀಡ್ಸ್’, ಆಮೇಲೆ ಅಲ್ಪವಿರಾಮ, ಆಮೇಲೆ ‘ಗ್ರೌಂಡ್’ ಎಂದಿದ್ದರೆ ಕಾಳನ್ನು ಅಳೆದು ಅನಂತರ ಪುಡಿ ಮಾಡಬೇಕು. ‘ಒಂದು ಕಪ್ ಈರುಳ್ಳಿ, ಹೆಚ್ಚಿದ್ದು’ ಎಂಬಲ್ಲಿಯೂ ಇದೇ ನಿಯಮ. ಪಟ್ಟಿಯಲ್ಲಿ ಸಾಮಗ್ರಿ ಇರುವ ಕ್ರಮವೂ ಸುಮ್ಮನೆ ಬಂದದ್ದಲ್ಲ, ಎಷ್ಟೋ ಪುಸ್ತಕಗಳಲ್ಲಿ ಒಲೆಗೆ ಬೀಳುವ ಕ್ರಮದಲ್ಲೇ ಬರೆದಿರುತ್ತಾರೆ.

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಪಟ್ಟಿಯೊಳಗಿನ ಪುಟಸಂಖ್ಯೆಯಲ್ಲಿ. ‘ನಿತಿರ್ ಕಿಬೆ 3 ಚಮಚ, ಪುಟ 28’ ಎಂದರೆ ಬೆಣ್ಣೆಯನ್ನು ಶುಂಠಿ, ಬೆಳ್ಳುಳ್ಳಿ, ಮೆಂತ್ಯ, ಅರಿಸಿನ, ಏಲಕ್ಕಿಗಳ ಜೊತೆ ಸಣ್ಣ ಉರಿಯಲ್ಲಿ ಕಾಯಿಸಿ ಸೋಸಿದ ತುಪ್ಪ. ಅದಕ್ಕೇ ಒಂದು ಗಂಟೆ ಬೇಕು. ಅತಿಥಿಗಳು ಬಾಗಿಲಲ್ಲಿ ನಿಂತಾಗ 28ನೇ ಪುಟ ತೆರೆದು ಪ್ರಯೋಜನವಿಲ್ಲ.

ಅಚ್ಚಾದ ಪುಟಕ್ಕೆ ಏಕೆ ಇನ್ನೂ ಬೆಲೆ

ಬಾಯಿಂದ ಬಾಯಿಗೆ ಬಂದ ಅಡುಗೆ ಬರಹಕ್ಕಿಳಿಯುವುದು ಹೆಚ್ಚಾಗಿ ಜನ ಊರು ಬಿಟ್ಟಾಗ. ಪಕ್ಕದಲ್ಲಿ ಅಜ್ಜಿ ಇದ್ದರೆ ಅಳತೆ ಬೇಕಿಲ್ಲ. 1860ರಿಂದ ಕೂಲಿ ಕರಾರಿನಡಿ ದಕ್ಷಿಣ ಆಫ್ರಿಕಾದ ನಟಾಲಿಗೆ ಹೋದ ಭಾರತೀಯರು, ಅವರ ಹಿಂದೆಯೇ ಹೋದ ವ್ಯಾಪಾರಿ ಕುಟುಂಬಗಳು, ಅಲ್ಲಿ ಸಿಕ್ಕಿದ್ದರಲ್ಲಿ ಅಡುಗೆ ಹೊಂದಿಸಿಕೊಂಡವು. ಅವರ ಮನೆಯಡುಗೆಯನ್ನು ಒಟ್ಟುಗೂಡಿಸಿ ಡರ್ಬನ್ನಿನ ವಿಮೆನ್ಸ್ ಕಲ್ಚರಲ್ ಗ್ರೂಪ್ ಎಂಬ ಮಹಿಳಾ ಬಳಗ 1961ರಲ್ಲಿ, ಝುಲೇಖಾ ಮಯತ್ ಸಂಪಾದಕತ್ವದಲ್ಲಿ ‘ಇಂಡಿಯನ್ ಡಿಲೈಟ್ಸ್’ ಹೊರತಂದಿತು. ಅದು ಮತ್ತೆ ಮತ್ತೆ ಮರುಮುದ್ರಣಗೊಂಡಿದೆ. 2020ರಲ್ಲಿ ಬಂದ ಹವಾ ಹಸನ್ ಅವರ ‘ಇನ್ ಬೀಬೀಸ್ ಕಿಚನ್’ ಹಿಂದೂ ಮಹಾಸಾಗರದ ಅಂಚಿನ ಎಂಟು ಆಫ್ರಿಕನ್ ದೇಶಗಳ ಅಜ್ಜಿಯರ ಅಡುಗೆಯನ್ನು ಪುಟಕ್ಕಿಳಿಸಿದೆ. ಸ್ವಾಹಿಲಿಯಲ್ಲಿ ಬೀಬೀ ಎಂದರೆ ಅಜ್ಜಿ.

ವಿಡಿಯೊ ನೋಡಿ ಕಲಿಯುವುದು ಸುಲಭ, ವಿಶೇಷವಾಗಿ ಈರುಳ್ಳಿ ಯಾವ ಬಣ್ಣಕ್ಕೆ ಬರಬೇಕು ಎಂಬಂಥದ್ದನ್ನು. ಆದರೆ ಹದಿನೈದು ಸಾಮಗ್ರಿಯ ಮಸಾಲೆಗೆ ಪುಟವೇ ವಾಸಿ. ಇಡೀ ಪಟ್ಟಿ ಒಂದೇ ನೋಟಕ್ಕೆ ಸಿಗುತ್ತದೆ, ಯಾವುದು ಚಮಚದಲ್ಲಿ, ಯಾವುದು ಚಿಟಿಕೆಯಲ್ಲಿ ಎಂಬ ಪ್ರಮಾಣ ಕಣ್ಣಿಗೆ ಬೀಳುತ್ತದೆ. ಹಿಟ್ಟಿನ ಕೈಯಲ್ಲಿ ಪರದೆ ಒರೆಸುತ್ತ ಕೂರಬೇಕಿಲ್ಲ. ಕೊನೆಯ ಅಕಾರಾದಿಯಲ್ಲಿ ‘ಓಮ’ ಹುಡುಕಿದರೆ ಅದು ಬರುವ ಎಲ್ಲ ಪುಟಗಳೂ ಸಿಗುತ್ತವೆ.

ಪುಟದ ಅಂಚು ಖಾಲಿ ಇರುವುದೂ ಉಪಯೋಗಕ್ಕೇ. ಬೆರ್ಬೆರೆ ಮಾಡಿದ ದಿನವೇ ಸೀಸದಕಡ್ಡಿಯಲ್ಲಿ ನಾಲ್ಕು ಸಂಗತಿ ಬರೆದಿಡಿ: ತಾರೀಖು, ಬ್ಯಾಡಗಿ ಎಷ್ಟು ಗುಂಟೂರು ಎಷ್ಟು, ಬದಲಿ ಹಾಕಿದ್ದೇನು, ತಿಂದವರು ಏನೆಂದರು. ಬಾಲ್‌ಪೆನ್ ಬೇಡ, ಎರಡನೇ ಸಲಕ್ಕೆ ಅಳತೆ ಬದಲಾಗಿಯೇ ಆಗುತ್ತದೆ.